ಹೊಸ .22 ರಿವಾಲ್ವರ್ ಕೈಕೊಟ್ಟರೆ: ನೋಡಬೇಕಾದ್ದೇನು, ಮುಟ್ಟಬಾರದ್ದೇನು

ಹೊಸ ರಿವಾಲ್ವರ್‌ನ ಟ್ರಿಗರ್ ಎಳೆದಾಗ ‘ಟಕ್’ ಎಂದಷ್ಟೇ ಸದ್ದಾಗಿ ಗುಂಡು ಹಾರಲಿಲ್ಲ ಎಂದಿಟ್ಟುಕೊಳ್ಳಿ. ಆ ಕ್ಷಣಕ್ಕೆ ಮಾಡಬೇಕಾದ ಕೆಲಸ ಒಂದೇ: ಬೆರಳನ್ನು ಟ್ರಿಗರ್‌ನಿಂದ ಹೊರಗೆ ತೆಗೆದು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಸುಮ್ಮನೆ ನಿಲ್ಲುವುದು. ಕನಿಷ್ಠ 30 ಸೆಕೆಂಡ್ ಹಾಗೇ ನಿಲ್ಲಬೇಕು, ಒಂದು ನಿಮಿಷವಾದರೆ ಇನ್ನೂ ಒಳ್ಳೆಯದು. ತೋಟಾದೊಳಗಿನ ಮದ್ದು ತಡವಾಗಿ ಹೊತ್ತಿಕೊಳ್ಳುವುದು ಅಪರೂಪ, ಆದರೆ ಹೊತ್ತಿಕೊಳ್ಳುವುದುಂಟು. ರಿವಾಲ್ವರ್‌ನಲ್ಲಿ ಇದರ ಅಪಾಯ ಹೆಚ್ಚು. ‘ಹೋಗಲಿ, ಮುಂದಿನದು ಹಾರುತ್ತದೆ’ ಎಂದು ಮತ್ತೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಹಾರದ ತೋಟಾ ಪಕ್ಕಕ್ಕೆ ಸರಿಯುತ್ತದೆ. ಅದು ಅಲ್ಲಿ ಸಿಡಿದರೆ ಗುಂಡಿನ ಮುಂದೆ ನಳಿಗೆ ಇರುವುದಿಲ್ಲ, ರಿವಾಲ್ವರ್‌ನ ಚೌಕಟ್ಟು ಇರುತ್ತದೆ.

ಎಂದಿನ ಸದ್ದಿನ ಬದಲು ‘ಪುಸ್’ ಎಂದು ಕ್ಷೀಣವಾಗಿ ಕೇಳಿದರೂ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು.

ಇದನ್ನು ಬಿಡದಿಯ ಓದುಗರನ್ನು ಕಣ್ಣಮುಂದಿಟ್ಟುಕೊಂಡು ಬರೆಯಲು ಕಾರಣವಿದೆ. ಇಲ್ಲಿ ಆತ್ಮರಕ್ಷಣೆಗೆಂದು ಪರವಾನಗಿ ಪಡೆದು ರಿವಾಲ್ವರ್ ಇಟ್ಟುಕೊಂಡ ಕೈಗಾರಿಕಾ ಘಟಕಗಳ ಮಾಲೀಕರಿದ್ದಾರೆ, ತೋಟದ ಮನೆಯವರಿದ್ದಾರೆ. ಅವರ ಕೂಗಳತೆಯಲ್ಲೇ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳಿರುವ ಟೂಲ್ ರೂಮ್‌ಗಳಿವೆ, ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಕೈಗಳಿವೆ. ಹಾಗಾಗಿ ಹೊಸ ರಿವಾಲ್ವರ್ ಸ್ವಲ್ಪ ಬಿಗಿಯಾಗಿದ್ದರೂ “ಅಣ್ಣ, ಇದೊಂಚೂರು ಟೈಟ್ ಐತೆ, ಅರ ಹಾಕ್ಕೊಡು” ಎಂಬ ಮಾತು ಬಾಯಿಗೆ ಬರುವುದು ಸಹಜ. ಆ ಮಾತು ಬರಕೂಡದು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಬಿಡದಿಯ ಶಾಪ್ ಫ್ಲೋರ್ ಕಲಿಸಿದ ಇನ್ನೊಂದು ವಿದ್ಯೆ ಇಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತದೆ. 1999ರಿಂದ ಇಲ್ಲಿ ಕಾರು ತಯಾರಿಸುತ್ತಿರುವ ಟೊಯೊಟಾದ ಪದ್ಧತಿಯಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ‘ಏಕೆ’ ಎಂದು ಮತ್ತೆ ಮತ್ತೆ ಕೇಳುತ್ತ ದೋಷದ ಬುಡಕ್ಕೆ ಹೋಗುತ್ತಾರೆ. ರಿವಾಲ್ವರ್ ಮಾಲೀಕ ಮಾಡಬೇಕಾದ್ದೂ ಅದನ್ನೇ. ದೋಷ ಎಲ್ಲಿದೆ ಎಂದು ಹುಡುಕುವ ಹಕ್ಕು ಅವನದು. ಉಕ್ಕನ್ನು ಉಜ್ಜುವ ಹಕ್ಕು ಅವನದಲ್ಲ.

ಮೊದಲು ಇದರ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು. .32 ರಿವಾಲ್ವರ್‌ನ ತೋಟಾದ ಹಿಂಬದಿ ನೋಡಿದರೆ ನಡುವೆ ಗುಂಡಗಿನ ಪ್ರೈಮರ್ ಕಾಣುತ್ತದೆ. .22ರಲ್ಲಿ ಅದು ಇರುವುದಿಲ್ಲ. ಹೊತ್ತಿಸುವ ಮದ್ದು ತೋಟಾದ ಅಂಚಿನ ಮಡಿಕೆಯ ಒಳಗೆ ಸುತ್ತಲೂ ಹರಡಿರುತ್ತದೆ. ಫೈರಿಂಗ್ ಪಿನ್ ಆ ಅಂಚಿಗೆ ಬಡಿದಾಗ ತೆಳು ಹಿತ್ತಾಳೆ ಜಜ್ಜಿಹೋಗಿ ಮದ್ದು ಹೊತ್ತುತ್ತದೆ. ಜಜ್ಜಬೇಕಾದರೆ ಕೆಳಗೆ ಗಟ್ಟಿಯಾದ ಅಡಿಗಲ್ಲು ಬೇಕಲ್ಲವೇ? ಸಿಲಿಂಡರ್‌ನ ಚೇಂಬರ್ ಬಾಯಿಯ ಉಕ್ಕಿನ ಅಂಚೇ ಆ ಅಡಿಗಲ್ಲು. ಅಮೆರಿಕದ ಸ್ಮಿತ್ ಅಂಡ್ ವೆಸನ್ 1857ರಲ್ಲಿ ತಂದ ಮೊದಲ .22 ರಿವಾಲ್ವರ್‌ನಿಂದ ಇಂದಿನವರೆಗೆ ತತ್ತ್ವ ಇದೇ. ಈಗ ಎಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾ 1887ರದು. ಅದರ ಅಂಚಿನ ದಪ್ಪ ಒಂದು ಮಿಲಿಮೀಟರ್‌ನ ಆಸುಪಾಸು. ಇಷ್ಟು ತೆಳುವಾದ ಜಾಗದಲ್ಲಿ ಕೂದಲೆಳೆಯಷ್ಟು ಕಸ ಸೇರಿದರೂ, ಅಂಚು ಅಷ್ಟೇ ಹಿಂದೆ ಉಳಿದರೂ ಪೆಟ್ಟು ಮೆತ್ತಗಾಗುತ್ತದೆ.

ನಮ್ಮಲ್ಲೇ ತಯಾರಾಗುವ .22 ರಿವಾಲ್ವರ್ ಎಂದರೆ ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯ ‘ನಿಡರ್’. ತೂಕ ಸುಮಾರು 250 ಗ್ರಾಂ, ಹಿಡಿಸುವುದು 8 ತೋಟಾ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಏಳು ಸರ್ಕಾರಿ ಕಂಪನಿಗಳಾಗಿ ಒಡೆದಾಗ ಈ ಕಾರ್ಖಾನೆ ಕಾನ್ಪುರದಲ್ಲಿ ಕೇಂದ್ರ ಕಚೇರಿ ಇರುವ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ಗೆ ಸೇರಿತು. ದೂರು ಬರೆಯುವವರು ವಿಳಾಸದಲ್ಲಿ ಹೊಸ ಹೆಸರು ಹಾಕಬೇಕು. ಮುಂದೆ ಹೇಳುವುದು ಯಾವುದೇ ಒಂದು ಮಾದರಿಯ ದೋಷಪಟ್ಟಿಯಲ್ಲ. ಯಾವ ಕಂಪನಿಯ .22 ರಿವಾಲ್ವರ್‌ಗೂ ಅನ್ವಯಿಸುವ ಮಾತು.

ಗುಂಡು ಹಾರದಿರುವುದೇ ಅತಿ ಸಾಮಾನ್ಯ ದೂರು. ಕಾಯುವಷ್ಟು ಕಾದು, ಸಿಲಿಂಡರ್ ತೆರೆದು ಆ ತೋಟಾವನ್ನು ಹೊರತೆಗೆದು ಭೂತಗನ್ನಡಿಯಲ್ಲಿ ನೋಡಿ. ಹಾರಿದ ತೋಟಾದ ಒಂದು ಖಾಲಿ ಕೇಸನ್ನೂ ಪಕ್ಕಕ್ಕಿಟ್ಟುಕೊಳ್ಳಿ. ಹಾರಿದ ಕೇಸಿನ ಅಂಚಿನಲ್ಲಿ ಪಿನ್ನಿನ ಗುರುತು ಆಳವಾಗಿ, ಅಂಚಿನ ಹೊರಗಡಿಯವರೆಗೆ ಒತ್ತಿರುತ್ತದೆ. ಹಾರದ ತೋಟಾದಲ್ಲೂ ಗುರುತು ಅಷ್ಟೇ ಆಳವಾಗಿದ್ದರೆ ತಪ್ಪು ತೋಟಾದ್ದು: ಮಡಿಕೆಯೊಳಗೆ ಆ ಜಾಗಕ್ಕೆ ಮದ್ದು ಹರಡಿಲ್ಲ. ಅಗ್ಗದ ತೋಟಾಗಳಲ್ಲಿ ಇದು ಹೊಸದೇನಲ್ಲ. ಗುರುತು ಬರೀ ಉಗುರು ತಾಗಿದಂತೆ ಮೇಲುಮೇಲೆ ಇದ್ದರೆ ತಪ್ಪು ರಿವಾಲ್ವರ್‌ನದು, ಇಲ್ಲವೇ ತೋಟಾ ಪೂರ್ತಿ ಒಳಗೆ ಕೂತಿರಲಿಲ್ಲ. ಇವೆರಡರಲ್ಲಿ ಯಾವುದು ಎಂಬುದನ್ನು ಬೇರ್ಪಡಿಸುವುದು ಕಷ್ಟವೇನಲ್ಲ. ತೋಟಾ ಪೂರ್ತಿ ಕೂತಿರದಿದ್ದರೆ ಮೊದಲ ಪೆಟ್ಟು ಅದನ್ನು ಮುಂದಕ್ಕೆ ತಳ್ಳುವುದರಲ್ಲೇ ಖರ್ಚಾಗುತ್ತದೆ. ಶೂಟಿಂಗ್ ರೇಂಜ್‌ನಲ್ಲಿ ಅಲ್ಲಿನ ಅಧಿಕಾರಿಯ ಒಪ್ಪಿಗೆ ಪಡೆದು ಅದನ್ನು ಸ್ವಲ್ಪ ತಿರುಗಿಸಿ ಮತ್ತೆ ಕೂರಿಸಿದರೆ ಎರಡನೇ ಪೆಟ್ಟಿಗೆ ಹಾರುತ್ತದೆ. ಎರಡನೇ ಪೆಟ್ಟಿಗೂ ಹಾರದ್ದನ್ನು ಮೂರನೇ ಸಲ ಪ್ರಯತ್ನಿಸಬೇಡಿ. ಅದನ್ನು ಕಸದ ಬುಟ್ಟಿಗೂ ಹಾಕಬೇಡಿ, ಇಕ್ಕಳ ಹಿಡಿದು ಬಿಚ್ಚಲೂ ಬೇಡಿ. ರೇಂಜ್‌ನವರಿಗೋ ಡೀಲರ್‌ಗೋ ಒಪ್ಪಿಸಿ.

ಇಲ್ಲಿಂದ ಮುಂದೆ ಬೇಕಾದ್ದು ಒಂದು ಮಾರ್ಕರ್ ಪೆನ್, ಒಂದು ಚೀಟಿ. ಸಿಲಿಂಡರ್‌ನ ಹೊರಮೈಮೇಲೆ ಚೇಂಬರ್‌ಗಳಿಗೆ 1, 2, 3 ಎಂದು ಸಂಖ್ಯೆ ಬರೆಯಿರಿ. ಯಾವ ಸಂಖ್ಯೆಯಲ್ಲಿ ಹಾರಲಿಲ್ಲ ಎಂದು ಪ್ರತಿ ಸುತ್ತಿಗೂ ಗುರುತು ಹಾಕಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಮೊದಲು ತೋಟಾದ ಬ್ರ್ಯಾಂಡ್, ಆಮೇಲೆ ಶುಚಿಗೊಳಿಸಿ ನೋಡುವುದು, ಆಮೇಲೆ ಹ್ಯಾಮರ್ ಎಳೆದು ಹಾರಿಸುವುದಕ್ಕೂ ನೇರ ಟ್ರಿಗರ್ ಎಳೆದು ಹಾರಿಸುವುದಕ್ಕೂ ಇರುವ ವ್ಯತ್ಯಾಸ. ಎರಡು ಸಂಗತಿಯನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತು ಎಂದು ಗೊತ್ತಾಗುವುದಿಲ್ಲ. ದೋಷ ಯಾವಾಗಲೂ 5ನೇ ಚೇಂಬರ್‌ನಲ್ಲೇ ಬರುತ್ತಿದ್ದರೆ ಆ ಚೇಂಬರ್‌ನ ಬಾಯಿಯಲ್ಲಿ ಬರ್ (ಲೋಹ ಕೊರೆದಾಗ ಉಳಿಯುವ ಚೂಪು ಅಂಚು) ಉಳಿದಿದೆ ಅಥವಾ ಕಸ ಕೂತಿದೆ. ಬ್ರ್ಯಾಂಡ್ ಬದಲಿಸಿದ ಕೂಡಲೇ ದೋಷ ಹೋದರೆ ರಿವಾಲ್ವರ್ ನಿರಪರಾಧಿ. ಹ್ಯಾಮರ್ ಎಳೆದು ಹಾರಿಸಿದಾಗ ಎಲ್ಲವೂ ಹಾರಿ, ನೇರ ಟ್ರಿಗರ್ ಎಳೆದಾಗ ಮಾತ್ರ ಕೈಕೊಟ್ಟರೆ ಹ್ಯಾಮರ್‌ನ ಸ್ಪ್ರಿಂಗ್ ಬಲ ಸಾಲುತ್ತಿಲ್ಲ ಅಥವಾ ಒಳಗೆ ಎಲ್ಲೋ ಉಜ್ಜುತ್ತಿದೆ. ಎಲ್ಲ ಚೇಂಬರ್‌ಗಳಲ್ಲೂ ಎಲ್ಲ ಬ್ರ್ಯಾಂಡ್‌ಗಳಲ್ಲೂ ಗುರುತು ತೆಳುವಾಗಿದ್ದರೆ ಪಿನ್, ಸ್ಪ್ರಿಂಗ್ ಅಥವಾ ಸಿಲಿಂಡರ್‌ನ ಹಿಂದಿನ ಅಂತರದ ಪ್ರಶ್ನೆ. ಅದು ಡೀಲರ್‌ನ ಕೆಲಸ. ಈ ಚೀಟಿಯನ್ನು ರಿವಾಲ್ವರ್ ಜೊತೆಗೆ ಕೊಟ್ಟರೆ ಬಂದೂಕು ದುರಸ್ತಿ ಮಾಡುವ ಆರ್ಮರರ್‌ನ ಅರ್ಧ ಕೆಲಸ ಮುಗಿದಿರುತ್ತದೆ.

ಹೊಸ ರಿವಾಲ್ವರ್‌ನಲ್ಲಿ ಅನುಮಾನಪಡಬೇಕಾದ ಮೊದಲ ವಸ್ತು ಗ್ರೀಸು. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಬಳಿದ ದಪ್ಪ ಗ್ರೀಸು ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತು ಇನ್ನಷ್ಟು ಗಟ್ಟಿಯಾಗಿರುತ್ತದೆ. ಫೈರಿಂಗ್ ಪಿನ್‌ನ ದಾರಿಯಲ್ಲಿ ಅದು ಉಳಿದರೆ ಹ್ಯಾಮರ್ ಎಷ್ಟೇ ಬಲವಾಗಿ ಬಿದ್ದರೂ ಪಿನ್ ನಿಧಾನವಾಗಿ ಮುಂದೆ ಹೋಗುತ್ತದೆ. ಚೇಂಬರ್‌ನಲ್ಲಿ ಉಳಿದರೆ ತೋಟಾ ಪೂರ್ತಿ ಕೂರುವುದಿಲ್ಲ. ಮೊದಲ ಗುಂಡಿಗೆ ಮುಂಚೆಯೇ ಕೈಪಿಡಿಯಲ್ಲಿ ಹೇಳಿದಷ್ಟು ಮಟ್ಟಿಗೆ ಮಾತ್ರ ಬಿಚ್ಚಿ, ಒಣ ಬಟ್ಟೆ ಮತ್ತು .22 ಅಳತೆಯ ಬ್ರಷ್‌ನಿಂದ ಚೇಂಬರ್ ಮತ್ತು ನಳಿಗೆಯನ್ನು ಒರೆಸಿ ತೆಗೆಯಬೇಕು.

ನಮ್ಮ ಕಡೆ ಇದಕ್ಕೊಂದು ಮನೆಮದ್ದು ಉಂಟು: ಕೊಬ್ಬರಿ ಎಣ್ಣೆ. ಬಂದೂಕಿಗೆ ಅದನ್ನು ಖಂಡಿತ ಬಳಸಬೇಡಿ. ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್–ಜನವರಿಯ ಬೆಳಗ್ಗೆ ಬಿಡದಿಯಲ್ಲಿ ಮನೆಯ ಬಾಟಲಿಯ ಎಣ್ಣೆ ಬೆಣ್ಣೆಯಂತಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ರಿವಾಲ್ವರ್‌ನ ಒಳಗೂ ಆಗುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ಹ್ಯಾಮರ್ ಚಳಿಯಲ್ಲಿ ಸೋಮಾರಿಯಾಗುತ್ತದೆ. ಹಳತಾದರೆ ಜಿಗುಟಾಗಿ ಧೂಳನ್ನೂ ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳದು ಇನ್ನೊಂದು ತೊಂದರೆ. ಚೇಂಬರ್‌ನಲ್ಲಿ ಹನಿ ಉಳಿದರೆ ಅದು ತೋಟಾದ ಸಂದಿಯಲ್ಲಿ ಇಳಿದು ಮದ್ದನ್ನೇ ಕೆಡಿಸಬಲ್ಲದು. ಬಂದೂಕಿಗೆಂದೇ ಮಾಡಿದ ತೆಳು ಎಣ್ಣೆಯ ಒಂದೆರಡು ಹನಿ ಚಲಿಸುವ ಭಾಗಗಳಿಗೆ ಸಾಕು. ಚೇಂಬರ್ ಒಣಗಿರಬೇಕು.

ಖಾಲಿ ರಿವಾಲ್ವರ್‌ನ ಟ್ರಿಗರ್ ಎಳೆದು ಆಡುವ ಚಟದ ಬಗ್ಗೆಯೂ ಎಚ್ಚರವಿರಲಿ. ತೋಟಾ ಇಲ್ಲದಾಗ ಕೆಲವು ಮಾದರಿಗಳಲ್ಲಿ ಪಿನ್ ನೇರವಾಗಿ ಚೇಂಬರ್‌ನ ಅಂಚಿಗೆ, ಅಂದರೆ ಆ ಅಡಿಗಲ್ಲಿಗೇ ಬಡಿಯುತ್ತದೆ. ಅಲ್ಲಿ ತಗ್ಗು ಬಿದ್ದು ಉಕ್ಕು ಚೇಂಬರ್‌ನ ಒಳಕ್ಕೆ ಮೂತಿ ಚಾಚುತ್ತದೆ. ಆಮೇಲೆ ತೋಟಾ ಕೂರುವುದೂ ಕಷ್ಟ, ಬರುವುದೂ ಕಷ್ಟ, ಹಾರುವುದೂ ಅನುಮಾನ. ಕೊಂಡ ಮೊದಲ ವಾರ ಮನೆಗೆ ಬಂದವರಿಗೆಲ್ಲ ತೋರಿಸುತ್ತ ‘ಟಕ್ ಟಕ್’ ಮಾಡಿದ್ದರಿಂದಲೇ ಹುಟ್ಟುವ ದೋಷ ಇದು. ಅಂಗಡಿಯಲ್ಲಿ ನಿಮಗೆ ತೋರಿಸುವಾಗಲೂ ಹೀಗೆ ಎಷ್ಟು ಸಲ ಆಗಿರುತ್ತದೋ ತಿಳಿಯದು. ಆದ್ದರಿಂದ ಕೊಳ್ಳುವ ಮುಂಚೆ ಪ್ರತಿ ಚೇಂಬರ್‌ನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಟ್ರಿಗರ್ ಅಭ್ಯಾಸ ಬೇಕೇಬೇಕು ಎನ್ನುವವರಿಗೆ ಸ್ನ್ಯಾಪ್ ಕ್ಯಾಪ್ ಎಂಬ ಹುಸಿ ತೋಟಾ ಸಿಗುತ್ತದೆ.

ಸಿಲಿಂಡರ್ ತಿರುಗದೆ ನಿಲ್ಲುವುದು ಎರಡನೇ ದೂರು. ಬಲ ಹಾಕಬೇಡಿ, ಮರದ ಸುತ್ತಿಗೆಯಿಂದ ತಟ್ಟಲೂಬೇಡಿ. ಒಳಗೆ ತೋಟಾ ಇದ್ದು ಸಿಲಿಂಡರ್ ತೆರೆಯಲೂ ಬಾರದಿದ್ದರೆ ನಳಿಗೆ ಗುರಿಯ ಕಡೆಗಿರುವಂತೆ ಹಿಡಿದು ರೇಂಜ್ ಅಧಿಕಾರಿಯನ್ನು ಕರೆಯಿರಿ. ಆ ಸ್ಥಿತಿಯಲ್ಲಿ ರಿವಾಲ್ವರ್ ಕಾರಿನಲ್ಲಿ ಕೂರಬಾರದು. ಖಾಲಿ ಮಾಡಲು ಸಾಧ್ಯವಾದರೆ ಮೊದಲು ನೋಡಬೇಕಾದ ಜಾಗ ಎಜೆಕ್ಟರ್ ನಕ್ಷತ್ರದ ಅಡಿ. ಖಾಲಿ ಕೇಸುಗಳನ್ನು ಹೊರದೂಡುವ ಆ ನಕ್ಷತ್ರಾಕಾರದ ತುಂಡನ್ನು ಹಿಂದಕ್ಕೆ ಒತ್ತಿ ಹಿಡಿದು ಅಡಿಯಲ್ಲಿ ಬೆಳಕು ಬಿಟ್ಟರೆ ಸಾಸಿವೆಗಿಂತ ಚಿಕ್ಕದಾದ, ಬೂದು ಬಣ್ಣದ ಕಾಳುಗಳು ಕಾಣಬಹುದು. ಸುಡದೆ ಉಳಿದ ಮದ್ದಿನ ಚೂರುಗಳು ಅವು. ಅಂತಹ ಎರಡು ಕಾಳು ಸಾಕು, ನಕ್ಷತ್ರ ಪೂರ್ತಿ ಕೂರದೆ ತೋಟಾಗಳು ಒಂದಿಷ್ಟು ಹಿಂದೆ ಉಳಿದು ಚೌಕಟ್ಟಿಗೆ ಉಜ್ಜುತ್ತವೆ. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಗುಡಿಸಿದರೆ ಸರಿಹೋಗುತ್ತದೆ. ಹಾಗೆಯೇ ಎಜೆಕ್ಟರ್ ಕಡ್ಡಿಯ ತಿರುಪು ಸಡಿಲಾಗಿ ಉದ್ದವಾದರೂ ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಈ ತಿರುಪು ಎಡಕ್ಕೆ ಬಿಗಿಯಾಗುವಂಥದ್ದು, ಆದ್ದರಿಂದ ಕೈಪಿಡಿ ನೋಡದೆ ತಿರುವಬೇಡಿ. ಇವೆರಡೂ ಅಲ್ಲದೆ ಖಾಲಿಯಿದ್ದಾಗಲೂ ಒಂದೇ ಜಾಗದಲ್ಲಿ ಬಿಗಿಯಾಗುತ್ತಿದ್ದರೆ ಅದು ಕಾರ್ಖಾನೆಯ ಕೆಲಸದ ದೋಷ. ವಾರಂಟಿಗೆ ಕಳಿಸಿ.

ಖಾಲಿ ಕೇಸುಗಳು ಬರಲು ಕಷ್ಟಪಡುವುದು ಸಣ್ಣ ರಿವಾಲ್ವರ್‌ಗಳಲ್ಲಿ ಸ್ವಲ್ಪ ಮಟ್ಟಿಗೆ ಸಹಜ. ಎಲ್ಲ ಕೇಸುಗಳನ್ನೂ ಒಂದೇ ಒತ್ತಿಗೆ ಹೊರದೂಡಬೇಕು, ಕಡ್ಡಿಯೋ ಗಿಡ್ಡ. ಹೊರಬಂದ ಕೇಸಿನ ಮೈಮೇಲೆ ಉದ್ದುದ್ದ ಗೀರು ಇದ್ದರೆ ಚೇಂಬರ್ ಒರಟಾಗಿದೆ. ಗೀರಿಲ್ಲದಿದ್ದರೆ ಕೊಳೆ. .22 ಶಾರ್ಟ್ ತೋಟಾ ಬಳಸಿದ ಮೇಲೆ ಲಾಂಗ್ ರೈಫಲ್ ಹಾಕುವವರಿಗೆ ಇದು ಬೇಗ ಕಾಡುತ್ತದೆ, ಚೇಂಬರ್‌ನೊಳಗೆ ಗಿಡ್ಡ ಕೇಸಿನ ತುದಿ ಬರುವ ಜಾಗದಲ್ಲಿ ಕರಿ ಉಂಗುರ ಕಟ್ಟಿರುತ್ತದೆ. ಬ್ರಷ್ ಆಡಿಸಿ ಅದನ್ನು ತೆಗೆಯಿರಿ. ಶುಚಿಗೊಳಿಸಿದ ಮೇಲೆ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ: .22ರ ಗುಂಡು ಬಹುಪಾಲು ಬರಿಯ ಸೀಸ.

ಇನ್ನೊಂದು ಲಕ್ಷಣವನ್ನು ಮಾತ್ರ ಮನೆಯಲ್ಲಿ ಪರಿಹರಿಸುವ ಮಾತೇ ಇಲ್ಲ. ಹಾರಿಸಿದಾಗ ಅಕ್ಕಪಕ್ಕ ನಿಂತವರ ಮುಖಕ್ಕೆ ಸಣ್ಣ ಸೀಸದ ಚೂರು ಸಿಡಿಯುತ್ತಿದ್ದರೆ, ಚೇಂಬರ್ ನಳಿಗೆಗೆ ನೇರವಾಗಿ ನಿಲ್ಲುತ್ತಿಲ್ಲ. ಗುಂಡಿನ ಒಂದು ಪಾರ್ಶ್ವ ನಳಿಗೆಯ ಬಾಯಿಗೆ ಉಜ್ಜಿ ಕೆತ್ತಿಹೋಗುತ್ತಿದೆ. ಖಾಲಿ ರಿವಾಲ್ವರ್‌ನಲ್ಲಿ ಹ್ಯಾಮರನ್ನು ನಿಧಾನವಾಗಿ ಎಳೆದು, ಬೀಳಲು ಬಿಡದೆ ಬೆರಳಲ್ಲಿ ಹಿಡಿದುಕೊಂಡು ಗಮನಿಸಿ. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವ ಹೊತ್ತಿಗೆ ಸಿಲಿಂಡರ್ ‘ಕ್ಲಿಕ್’ ಎಂದು ತನ್ನ ಜಾಗದಲ್ಲಿ ಬೀಗ ಬಿದ್ದಿರಬೇಕು. ಬೀಗ ಬೀಳದಿದ್ದರೆ ಅಥವಾ ಬಿದ್ದ ಮೇಲೂ ಸಿಲಿಂಡರ್ ಎಡಬಲಕ್ಕೆ ಢಾಳಾಗಿ ಅಲುಗಿದರೆ ಅದರಲ್ಲಿ ಇನ್ನೊಂದು ಗುಂಡನ್ನೂ ಹಾರಿಸಬೇಡಿ. ಸಿಲಿಂಡರ್‌ಗೂ ನಳಿಗೆಗೂ ನಡುವಿನ ಸಂದಿ ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರ್ ಇರುತ್ತದೆ. ಫೀಲರ್ ಗೇಜ್ ಇರುವವರು ಪ್ರತಿ ಚೇಂಬರ್‌ಗೂ ಅಳೆದು ಚೀಟಿಯಲ್ಲಿ ಬರೆದಿಡಬಹುದು. ಅಳೆಯಬಹುದು ಅಷ್ಟೇ.

ಈಗ ಟೂಲ್ ರೂಮ್‌ನ ವಿಷಯಕ್ಕೆ ಬರೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ತಯಾರಿಸಲು, ಮಾರಲು ಮಾತ್ರವಲ್ಲ, ಅದನ್ನು ದುರಸ್ತಿ ಮಾಡಲೂ ಪ್ರತ್ಯೇಕ ಪರವಾನಗಿ ಬೇಕು. ರಿವಾಲ್ವರ್ ಇಟ್ಟುಕೊಳ್ಳಲು ನಿಮಗಿರುವ ಪರವಾನಗಿ ಅದನ್ನು ರಿಪೇರಿ ಮಾಡುವ ಪರವಾನಗಿಯಲ್ಲ. ಸ್ನೇಹಕ್ಕೆಂದು ಅರ ಹಾಕಿಕೊಟ್ಟ ಲೇತ್ ಆಪರೇಟರ್‌ಗೆ ಯಾವ ಪರವಾನಗಿಯೂ ಇರುವುದಿಲ್ಲ. 2019ರ ತಿದ್ದುಪಡಿಯ ನಂತರ ಈ ಕಲಂ ಉಲ್ಲಂಘನೆಗೆ ಕನಿಷ್ಠ ಶಿಕ್ಷೆಯೇ 7 ವರ್ಷ. ಕಾನೂನನ್ನು ಪಕ್ಕಕ್ಕಿಟ್ಟರೂ ತಾಂತ್ರಿಕ ಕಾರಣ ಅಷ್ಟೇ ಗಟ್ಟಿ. ಹ್ಯಾಮರ್ ಮತ್ತು ಟ್ರಿಗರ್ ಸೇರುವ ಮೂಲೆಗೆ ಶಾಖ ಸಂಸ್ಕಾರ ಕೊಟ್ಟಿರುತ್ತಾರೆ. ಗಟ್ಟಿಯಾದ ಪದರ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಎಮರಿ ಹಾಳೆಯ ಕೆಲವೇ ಉಜ್ಜಿಗೆ ಅದು ಹೋಗುತ್ತದೆ. ಅಂದು ಟ್ರಿಗರ್ ನಯವಾಗಿ ಬರುತ್ತದೆ, ಕೆಲ ಕಾಲದ ಮೇಲೆ ಹ್ಯಾಮರ್ ತಾನಾಗಿಯೇ ಜಾರುತ್ತದೆ. ಮೈಕ್ರಾನ್ ಹಿಡಿಯುವ ಕೈಗೂ ಆ ಭಾಗದ ಡ್ರಾಯಿಂಗ್ ಇಲ್ಲದೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. ಜೊತೆಗೆ ಮುಟ್ಟಿದ ಗುರುತು ಕಂಡರೆ ವಾರಂಟಿ ಕೈತಪ್ಪುತ್ತದೆ.

ಸರಿಹೋಯಿತೇ ಎಂದು ತೋಟದಲ್ಲಿ ಹಾರಿಸಿ ನೋಡುವುದೂ ಬೇಡ. ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಅದೇ ತಿದ್ದುಪಡಿ ಹೇಳುತ್ತದೆ. .22 ಸಣ್ಣದು ಎಂಬ ಭಾವನೆ ತಪ್ಪು, ಅದರ ಗುಂಡು ಒಂದು ಕಿಲೋಮೀಟರ್‌ಗೂ ಮಿಕ್ಕಿ ಹೋಗಬಲ್ಲದು. ಬಿಡದಿಯಿಂದ ಬೆಂಗಳೂರು ದೂರವಿಲ್ಲ. ಪರವಾನಗಿ ಇರುವ ಶೂಟಿಂಗ್ ರೇಂಜ್‌ಗೆ ಹೋಗಿ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೂ ಸೇರಿಕೊಳ್ಳಿ. ಹಾರದ ತೋಟಾವನ್ನು ನಿಭಾಯಿಸುವುದನ್ನು ಓದಿ ಕಲಿಯುವುದಕ್ಕಿಂತ ಅಲ್ಲಿ ಕೈಯಾರೆ ಕಲಿಯುವುದು ಮೇಲು.

ಚುನಾವಣೆಯ ಸಮಯದ್ದೂ ಒಂದು ಮಾತು ಸೇರಿಸಬೇಕು. ನೀತಿಸಂಹಿತೆ ಜಾರಿಯಾದಾಗ ಠೇವಣಿ ಇಡಲು ಆದೇಶ ಬಂದವರು ಬಂದೂಕನ್ನು ಠಾಣೆಗೆ ಒಪ್ಪಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ 2024ರ ಏಪ್ರಿಲ್‌ನಲ್ಲಿ ಲೋಕಸಭೆ, ನವೆಂಬರ್‌ನಲ್ಲಿ ಚನ್ನಪಟ್ಟಣ ಉಪಚುನಾವಣೆ ಹೀಗೆ ಒಂದೇ ವರ್ಷ ಎರಡು ಸಲ ಮತದಾನ ನಡೆಯಿತು. ವಾರಗಟ್ಟಲೆ ಚರ್ಮದ ಚೀಲದಲ್ಲಿ ಕೂತ ಹೊಸ ರಿವಾಲ್ವರ್ ತೇವ ಹೀರಿ ತುಕ್ಕು ಹಿಡಿಯುತ್ತದೆ. ಒಪ್ಪಿಸುವ ಮುಂಚೆ ತೆಳು ಎಣ್ಣೆ ಸವರಿ, ಚರ್ಮದ ಚೀಲ ತೆಗೆದು ಬಟ್ಟೆಯ ಚೀಲದಲ್ಲಿಡಿ. ರಸೀದಿಯಲ್ಲಿ ಕ್ರಮಸಂಖ್ಯೆ ಸರಿಯಾಗಿದೆಯೇ ನೋಡಿ. ವಾಪಸು ಬಂದ ದಿನವೇ ಒರೆಸಿ ಪರೀಕ್ಷಿಸಿ.

ದೋಷ ಉಳಿದೇ ಉಳಿಯಿತು ಎಂದರೆ ಕೊಂಡ ಡೀಲರ್‌ಗೆ ಲಿಖಿತ ದೂರು ಕೊಡಿ. ಬಿಲ್, ವಾರಂಟಿ ಪತ್ರ, ನಿಮ್ಮ ಚೀಟಿ, ಪಿನ್ ಗುರುತಿನ ಫೋಟೋ ಜೊತೆಗಿರಲಿ. ರಿವಾಲ್ವರ್ ಒಯ್ಯುವಾಗ ತೋಟಾ ತೆಗೆದಿರಬೇಕು, ಮೂಲ ಪರವಾನಗಿ ಜೇಬಿನಲ್ಲಿರಬೇಕು. ಡೀಲರ್‌ಗೆ ದುರಸ್ತಿಯ ಪರವಾನಗಿ ಇದೆಯೇ ಎಂದು ಕೇಳಿ. ರಿವಾಲ್ವರ್‌ನ ಕ್ರಮಸಂಖ್ಯೆ, ಒಪ್ಪಿಸಿದ ದಿನಾಂಕ ಬರೆದ ರಸೀದಿ ಇಲ್ಲದೆ ಅಂಗಡಿ ಬಿಟ್ಟು ಬರಬೇಡಿ: ನಿಮ್ಮ ಹೆಸರಿನ ಆಯುಧ ಎಲ್ಲಿದೆ ಎಂದು ಪೊಲೀಸರು ಕೇಳಿದರೆ ತೋರಿಸಲು ಇರುವ ಕಾಗದ ಅದೊಂದೇ. ಬೇರೆ ರಿವಾಲ್ವರ್ ಬದಲಾಯಿಸಿ ಕೊಟ್ಟರೆ ಕ್ರಮಸಂಖ್ಯೆ ಬೇರೆಯಾಗುತ್ತದೆ, ಪರವಾನಗಿಯಲ್ಲಿ ಹೊಸದಾಗಿ ನಮೂದಾಗಲೇಬೇಕು. ಡೀಲರ್ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವು.

ಕೊನೆಯ ಮಾತು ಟೂಲ್ ರೂಮ್‌ಗಳಲ್ಲಿ ದುಡಿಯುವ ಗೆಳೆಯರಿಗೆ. ಮಾಲೀಕರೇ ಬಂದು ಬೆಂಚಿನ ಮೇಲೆ ಇಂತಹ ಭಾಗವನ್ನಿಟ್ಟು “ಒಂದೈದು ನಿಮಿಷದ ಕೆಲಸ” ಎಂದರೂ ಮಾಡಿಕೊಡಬೇಡಿ. ಪರವಾನಗಿ ಇರುವ ಆರ್ಮರರ್ ಬಳಿಗೆ ಕಳಿಸಿ. ಬೇಕಿದ್ದರೆ ಫೀಲರ್ ಗೇಜ್ ಎರವಲು ಕೊಡಿ.